ಆರು ಎತ್ತಿನ ಫ್ರೆಂಚ್

ಫ್ರೆಂಚ್ ಭಾಷೆಗೆ ಕಳಸಾಪುರದ ಹೊಳೆಯಪ್ಪನ ಮನೆಯಲ್ಲಿ ಎಷ್ಟು ಖರ್ಚಾಯಿತು ಎಂಬುದನ್ನು ಅವನ ಹೆಂಡತಿ ಸಾವಂತ್ರೆವ್ವ ಬೆರಳು ಮಡಚದೆ ಹೇಳುತ್ತಿದ್ದಳು. ಕಾಲೇಜಿನ ಫೀಸಿಗೆ ಹಾಲು ಕರೆಯುವ ಒಂದು ಎಮ್ಮೆ. ಧಾರವಾಡದ ಖೋಲಿ ಬಾಡಿಗೆಗೂ ಖಾನಾವಳಿಯ ಊಟಕ್ಕೂ ಆ ವರ್ಷ ಬೆಳೆದ ಮೆಣಸಿನಕಾಯಿ ಅಷ್ಟೂ. ಮುಂಬಯಿಯಿಂದ ತರಿಸಿದ ವ್ಯಾಕರಣದ ಪುಸ್ತಕಕ್ಕೆ ಎರಡು ಡಬ್ಬಿ ತುಪ್ಪ. ಅದರ ಹಿಂದೆಯೇ ಬಂದ ಶಬ್ದಕೋಶಕ್ಕೆ ಇನ್ನೂ ಮೂರು.

"ಇಷ್ಟ ಖರ್ಚ ಮಾಡಿದ್ರ ಭಾಷಿ ಯಾಕ, ಆ ಭಾಷಿ ಆಡೂ ಮನಿಶ್ಯಾನ್ನ ತಂದು ಕಟ್ಟಿಮ್ಯಾಲ ಕುಂಡ್ರಸಬಹುದಿತ್ತು" ಎನ್ನುತ್ತಿದ್ದಳು.

ಇಷ್ಟಾದರೂ ಮಗ ದೇವಪ್ಪ ಇಂಟರ್ ಪರೀಕ್ಷೆಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ, ಫ್ರೆಂಚಿನಲ್ಲಿ ಮಾತ್ರ ನಪಾಸಾಗಿ ಊರಿಗೆ ಬಂದ. ಫ್ರೆಂಚ್ ತೆಗೆದುಕೋ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಸಂಸ್ಕೃತಕ್ಕೆ ಹೆದರಿ ಕುಳಿತಿದ್ದವನಿಗೆ ಖೋಲಿಯ ಜೊತೆಗಾರನೊಬ್ಬ, ಫ್ರೆಂಚಿಗೆ ಹುಡುಗರು ಕಡಿಮೆ, ಅಂಕ ಹೆಚ್ಚು ಎಂದಿದ್ದ. ಹುಡುಗರು ಕಡಿಮೆ ಎಂಬುದಷ್ಟೇ ನಿಜವಾಯಿತು.

ಅದು ಐವತ್ತಾರನೆಯ ಇಸವಿ. ಮುಂಡರಗಿಯಲ್ಲಿ ಆ ಜೂನಿಗೆ ಹೊಸ ಹೈಸ್ಕೂಲು ತೆರೆಯುವುದಿತ್ತು. ಇಂಟರ್ ಪಾಸಾಗಿ ಬಂದರೆ ಮಾಸ್ತರಿಕೆ ಕೊಡುವುದಾಗಿ ಕಮಿಟಿಯವರು ದೇವಪ್ಪನಿಗೆ ಮಾತು ಕೊಟ್ಟಿದ್ದರು. ಮಾರ್ಚಿನಲ್ಲಿ ಮತ್ತೊಮ್ಮೆ ಪರೀಕ್ಷೆ. ಹೊಳೆಯಪ್ಪ ಮಗನನ್ನು ಎದುರು ಕೂರಿಸಿಕೊಂಡು ಹೇಳಿಬಿಟ್ಟ:

"ನೋಡ ತಮ್ಮಾ, ಪಾಸಾದಿ, ಮುಂಡರಗಿ ಬಸ್ಸಿಗಿ ನಾನ ಬಂದು ಹತ್ತಸ್ತೇನಿ. ನಪಾಸಾದಿ, ಆ ಪುಸ್ತಕ ಒಲಿಗೆ, ನೀ ನೇಗಿಲಕ್ಕ. ಮತ್ತೊಂದ ಸಲ ಕೇಳಬ್ಯಾಡ."

ದೇವಪ್ಪನನ್ನು ಕೆಡವಿದ್ದು ಆ ಭಾಷೆಯ ಒಂದು ಭೂತಕಾಲ. ಅದು ಕಥೆಪುಸ್ತಕಗಳಲ್ಲಿ ಮಾತ್ರ ಬರುತ್ತದೆ. ಒಂದೊಂದು ಕ್ರಿಯಾಪದಕ್ಕೂ ನಾನು, ನೀನು, ಅವನು, ನಾವು, ನೀವು, ಅವರು ಎಂದು ಆರು ರೂಪ. ಆರಕ್ಕೂ ಬಾಲ ಬೇರೆ ಬೇರೆ.

"ಆ ದೇಶದಾಗ ಮಂದಿ ಹಿಂಗ ಮಾತಾಡ್ತಾರೇನ?" ಎಂದು ಹೊಳೆಯಪ್ಪ ಕೇಳಿದ.

"ಇಲ್ಲಪ್ಪ, ಮಾತಾಡೂದಿಲ್ಲ. ಪುಸ್ತಕದಾಗ ಅಷ್ಟ ಬರೀತಾರ."

"ಅಂದ್ರ ನಮ್ಮ ಕುಲಕರಣ್ಯಾರ ಖರೀದಿಪತ್ರ ಇದ್ದಂಗ. ಓದೋರಿಗಿ ತಿಳೀಬಾರದು ಅಂತನ ಬರೆಯೂದು."

ದೇವಪ್ಪ ಕೋಣೆಯ ಕದ ಹಾಕಿಕೊಂಡು ಬಾಯಿಪಾಠಕ್ಕೆ ಕುಳಿತ. ಬೆಳಿಗ್ಗೆ ಕಲಿತದ್ದು ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಇರುತ್ತಿರಲಿಲ್ಲ. ಸಾವಂತ್ರೆವ್ವ ಹೊರಗೆ ಕಾಳು ಹಸನು ಮಾಡುತ್ತ ಕೇಳಿಸಿಕೊಳ್ಳುತ್ತಿದ್ದಳು. ಮಗ ಕೂತು ಹೇಳಿದ್ದು ಮೂರನೆಯ ಮಾತಿಗೇ ಮುಗ್ಗರಿಸುತ್ತದೆ, ಎದ್ದು ಅತ್ತಿಂದಿತ್ತ ಓಡಾಡಿದಾಗ ಐದರವರೆಗೆ ಹೋಗುತ್ತದೆ. ಇದನ್ನು ಅವಳು ಗಮನಿಸಿದಳು.

ಅಷ್ಟರಲ್ಲಿ ಜೋಳದ ಕೊಯ್ಲು ಮುಗಿದು ತೆನೆ ಕಣಕ್ಕೆ ಬಂತು. ಕಣದ ನಡುವೆ ಮೇಟಿ ಎಂಬ ಕಂಬ ನೆಟ್ಟು, ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ, ಹರವಿದ ತೆನೆಯ ಮೇಲೆ ಸುತ್ತು ಹಾಕಿಸುವುದಕ್ಕೆ ಹಂತಿ ಹೊಡೆಯುವುದು ಎನ್ನುತ್ತಾರೆ. ಒಂದೇ ಮನೆಯಲ್ಲಿ ಆರು ಎತ್ತು ಎಲ್ಲಿಂದ ಬರಬೇಕು? ಮೂರು ಮನೆಯವರು ಮುಯ್ಯಿ ಮಾಡಿಕೊಂಡಿದ್ದರು. ಇಂದು ನಿನ್ನ ಜೋಡಿ ನನ್ನ ಕಣದಲ್ಲಿ ತುಳಿದರೆ ನಾಳೆ ನನ್ನ ಜೋಡಿ ನಿನ್ನ ಕಣದಲ್ಲಿ ತುಳಿಯಬೇಕು. ಹೊಳೆಯಪ್ಪನದೊಂದು ಜೋಡಿ, ನೆರೆಮನೆಯ ಯಮನೂರಸಾಬನದೊಂದು ಜೋಡಿ, ಊರ ಹಿರಿಯ ಮುದಕಪ್ಪನದೊಂದು ಜೋಡಿ.

ಹಂತಿ ಎಂದರೆ ಪದ ಹಾಡಬೇಕು. ಪದ ನಿಂತರೆ ಎತ್ತು ನಿಲ್ಲುತ್ತದೆ. ಸುತ್ತಲಿನ ಊರುಗಳಲ್ಲಿ ಹಂತಿ ಪದಕ್ಕೆ ಮುದಕಪ್ಪನೇ ಹೆಸರಾದವನು. ಆದರೆ ಆ ವರ್ಷ ಅವನು ಊರಲ್ಲಿ ನಿಲ್ಲುತ್ತಿರಲಿಲ್ಲ. ಕನ್ನಡ ನಾಡು ಒಂದಾಗುವ ಕಾಲ ಬಂತೆಂದು ಶಿರಹಟ್ಟಿ, ಲಕ್ಷ್ಮೇಶ್ವರ, ಬೆಟಗೇರಿ ಎಂದು ಸಭೆ ನಡೆದಲ್ಲೆಲ್ಲ ಹೋಗುತ್ತಿದ್ದ. ಎತ್ತುಗಳನ್ನು ಹೊಳೆಯಪ್ಪನ ಕಣಕ್ಕೆ ಕಳಿಸಿ ತಾನು ಲಕ್ಷ್ಮೇಶ್ವರದ ಬಸ್ಸು ಹಿಡಿದ.

ಯಮನೂರಸಾಬ ಹಾಡಿ ನೋಡಿದ. ಎರಡನೆಯ ಸುತ್ತಿಗೆ ಹೊರಗಿನ ಎತ್ತು ಹಗ್ಗ ಹರಿದುಕೊಂಡು ಹೋಯಿತು.

"ಚಾಚಾ, ಸಾಕ ಮಾಡು" ಎಂದ ದೇವಪ್ಪ.

"ನನಗೇನ್ ಹೌಸಿಲ್ಲಪ್ಪ. ನೀನ ಹಾಡು. ಕಾಲೇಜ್ ಕಲತೀದಿ, ಒಂದ್ ಪದಾ ಬರೂದಿಲ್ಲೇನ?"

ಬರುತ್ತಿರಲಿಲ್ಲ. ಹೊಳೆಯಪ್ಪನಿಗೆ ಮಂಡಿನೋವು, ಸುತ್ತು ತಿರುಗಲಾರ. ಬಾರುಕೋಲು ದೇವಪ್ಪನ ಕೈಗೆ ಬಂತು. ಬೇರೇನೂ ತೋಚದೆ ಅವನು ಬಾಯಿಗೆ ಬಂದದ್ದನ್ನು ಜೋರಾಗಿ ಹೇಳಿದ: "ಜ ಪಾರ್ಲೆ, ತ್ಯು ಪಾರ್ಲಾ, ಇಲ್ ಪಾರ್ಲಾ, ನು ಪಾರ್ಲಾಮ್, ವು ಪಾರ್ಲಾತ್, ಇಲ್ ಪಾರ್ಲೇರ್!"

ಎತ್ತುಗಳು ನಡೆದವು. ಎತ್ತಿಗೆ ಯಾವ ಭಾಷೆಯೂ ತಿಳಿಯುವುದಿಲ್ಲ, ತಪ್ಪದೆ ಬೀಳುವ ತಾಳದ ಪೆಟ್ಟು ತಿಳಿಯುತ್ತದೆ. ಆರು ಮಾತು, ಆರು ಹೆಜ್ಜೆ, ಮತ್ತೆ ಆರು ಮಾತು. ಮಧ್ಯಾಹ್ನದ ಹೊತ್ತಿಗೆ ದೇವಪ್ಪನಿಗೆ ಇನ್ನೊಂದು ಸಂಗತಿ ಹೊಳೆಯಿತು. ಎತ್ತು ಆರು, ರೂಪ ಆರು. ಮೇಟಿಗೆ ಹತ್ತಿದ ಮುದಿ ಎತ್ತು ಸಣ್ಣ ಸುತ್ತು ಹಾಕುತ್ತದೆ, ಅದು ನಾನು. ಹೊರಗಿನ ಎತ್ತಿನ ಸುತ್ತು ದೊಡ್ಡದು, ಅದು ಅವರು. ಬಾಲವೂ ಹಾಗೆಯೇ: ಒಳಗಿನವಕ್ಕೆ ಒಂದೆರಡು ಅಕ್ಷರ, ಹೊರಗಿನದಕ್ಕೆ ಐದು. ಅವನು ಸುಣ್ಣ ಕಲಸಿ ತಂದು ಆರೂ ಎತ್ತುಗಳ ಪಕ್ಕೆಯ ಮೇಲೆ ಅವುಗಳ ಅಕ್ಷರ ಬರೆದೇಬಿಟ್ಟ. ಎಳೆಯವೂ ಪುಂಡವೂ ಆದ ಮುದಕಪ್ಪನ ಎತ್ತುಗಳನ್ನು ಸಾಲಿನ ನಡುವೆ ಕಟ್ಟಿದ್ದರು, ಒಂದು ಅವನು, ಇನ್ನೊಂದು ನಾವು. ನಾವು ಎಂಬುದರ ಬಾಲದ ಮೇಲೆ ಟೊಪ್ಪಿಗೆಯ ಹಾಗೆ ಒಂದು ಗುರುತು ಬರುತ್ತದೆ. ಅದನ್ನೂ ಚೊಕ್ಕವಾಗಿ ಹಾಕಿದ.

ನಾಲ್ಕಾರು ದಿನದಲ್ಲಿ ಅವನಿಗೆ ಅರ್ಧ ಪುಸ್ತಕ ಬಾಯಿಗೆ ಬಂತು. ಸಾವಂತ್ರೆವ್ವ ಬುತ್ತಿ ತಂದು ಕಣದ ಅಂಚಿಗೆ ಕುಳಿತು, ಮಗ ತಡವರಿಸದೆ ಸುತ್ತುವುದನ್ನು ನೋಡಿ ಗಂಡನಿಗೆ ಹೇಳಿದಳು: "ಮದಲ ಗೊತ್ತಿದ್ರ ಧಾರವಾಡಕ್ಕ ಎತ್ತ ಕಳಸಬಹುದಿತ್ತು, ಖಾನಾವಳಿ ಖರ್ಚ ಉಳೀತಿತ್ತು."

ಅಂಥ ಹೊತ್ತಿನಲ್ಲಿ ಮುದಕಪ್ಪ ಊರಿಗೆ ಬಂದ. ಬಸ್ಸಿನಿಂದಿಳಿದು, ತಲೆಯ ಮೇಲೆ ಖಾದಿ ಟೊಪ್ಪಿಗೆ, ಹೆಗಲಲ್ಲಿ ಚೀಲ, ನೆಟ್ಟಗೆ ಕಣದ ಹಾದಿ ಹಿಡಿದ. ದೂರದಿಂದಲೇ ದನಿ ಕೇಳಿತು: "ಫ್ಯು, ಫ್ಯು, ಫ್ಯು, ಫ್ಯೂಮ್, ಫ್ಯೂತ್, ಫ್ಯೂರ್!"

"ಯಾರಲೇ ಅವ, ಕಣದಾಗ ನಿಂತು ಒಲಿ ಊದಾಂವ?"

"ನಾನ್ರಿ ಕಾಕಾ, ದೇವಪ್ಪ. ಹಂತಿ ಹೊಡ್ಯಾಕತ್ತೇನಿ."

"ಪದಾ ಎಲ್ಲೈತಿ?"

"ಇದ ಪದಾರಿ. ಫ್ರೆಂಚ್."

ಮುದಕಪ್ಪ ಇನ್ನೂ ಹತ್ತಿರ ಬಂದ. ಕಣ್ಣು ಕಿರಿದು ಮಾಡಿ ತನ್ನ ಎತ್ತುಗಳನ್ನು ನೋಡಿದ.

"ಇದೇನಲೇ, ನನ್ನ ಎತ್ತಿನ ಮ್ಯಾಲ ಇಂಗ್ಲೀಷ?"

"ಇಂಗ್ಲೀಷ ಅಲ್ರಿ ಕಾಕಾ, ಫ್ರೆಂಚ್."

"ಅಕ್ಷರ ಅವ ಅದಾವಲ್ಲೋ! ಆ ಕೆಂದ ಎತ್ತಿನ ಮ್ಯಾಲ ಅದೇನ ಅದು?"

"ಅದು ಟೊಪ್ಪಿಗಿರಿ. ಆ ಅಕ್ಷರಕ್ಕ ಟೊಪ್ಪಿಗಿ ಹಾಕಬೇಕು."

ಟೊಪ್ಪಿಗೆಯ ಮಾತು ಆಡಬಾರದಿತ್ತು. ಮುದಕಪ್ಪ ನಲವತ್ತೆರಡರ ಚಳವಳಿಯಲ್ಲಿ ತಂತಿ ಕತ್ತರಿಸಿ ಹಿಂಡಲಗಿ ಜೈಲಿಗೆ ಹೋಗಿ ಬಂದವನು.

"ನನ್ನ ಎತ್ತಿಗಿ ಸಾಹೇಬರ ಟೊಪ್ಪಿಗಿ ಹಾಕಿದ್ಯಾ! ಅವರನ್ನ ಓಡಸಾಕ ನಾ ಜೈಲಿನ ಗಂಜಿ ಕುಡದೇನಿ. ಕನ್ನಡ ನಾಡು ಒಂದಾಗ್ಲಿ ಅಂತ ಊರೂರು ತಿರಗಿ ಕೆರ ಸವಸೇನಿ. ಇಲ್ಲಿ ಬಂದು ನೋಡಿದ್ರ ನನ್ನ ಎತ್ತ ಫರಂಗ್ಯಾರಾಗಿ ಕುಂತಾವು!"

"ಕಾಕಾ, ಪರೀಕ್ಷಾಕ್ಕರಿ..."

"ನಿನ್ನ ಪರೀಕ್ಷಾ ನಿನ್ನ ಎತ್ತಿನ ಮ್ಯಾಲ ಬರಕೋ."

ಹಗ್ಗ ಬಿಚ್ಚಿ ತನ್ನ ಜೋಡಿಯನ್ನು ಹೊಡೆದುಕೊಂಡು ಹೋದ. ಯಮನೂರಸಾಬ ಅವನ ಬೆನ್ನನ್ನು ನೋಡುತ್ತ, "ತೊಳದರ ಹೋಗ್ತೈತ್ರಿ ಅಣ್ಣಾ, ಸುಣ್ಣ ಅದು" ಎಂದ.

ಉಳಿದ ತೆನೆಯನ್ನು ನಾಲ್ಕು ಎತ್ತುಗಳಿಂದ ಹೇಗೋ ತುಳಿಸಿ ಮುಗಿಸಿದರು. ರಾಶಿಗೇನೂ ಕೊರತೆಯಾಗಲಿಲ್ಲ. ಕೊರತೆಯಾದದ್ದು ದೇವಪ್ಪನಿಗೆ. ಜ ಎಂದು ಮೇಟಿ ಎತ್ತನ್ನು ನೋಡಿ ಹೇಳುತ್ತಿದ್ದ, ತ್ಯು ಎಂದು ಎರಡನೆಯದನ್ನು ನೋಡಿ ಹೇಳುತ್ತಿದ್ದ. ಆಮೇಲೆ ಎತ್ತಿಲ್ಲದ ಜಾಗ ನೋಡಿ ಬಾಯಿ ತೆರೆದು ನಿಲ್ಲುತ್ತಿದ್ದ. ಮನೆಯಲ್ಲಿ ತಾಯಿ ಕೇಳಿದರೂ ಅಷ್ಟೇ. ಯಾವ ಕ್ರಿಯಾಪದ ಕೊಟ್ಟರೂ ನಾನು ಬರುತ್ತಾನೆ, ನೀನು ಬರುತ್ತಾನೆ, ಅವನೂ ನಾವೂ ಮುದಕಪ್ಪನ ಕೊಟ್ಟಿಗೆಗೆ ಹೋಗಿದ್ದಾರೆ. ಪರೀಕ್ಷೆಗೆ ಹದಿನೈದು ದಿನವೂ ಉಳಿದಿರಲಿಲ್ಲ.

"ಯವ್ವಾ, ನಾ ಮತ್ತ ನಪಾಸ. ಮುಂಡರಗಿ ಹೋತು."

"ಸುಮ್ನ ಕುಂದರು. ಎತ್ತ ಸತ್ತಿಲ್ಲ, ಓಣಿ ಆಚಿ ಅದಾವು" ಎಂದಳು ಸಾವಂತ್ರೆವ್ವ.

ಮಾರನೆಯ ದಿನ ಮುದಕಪ್ಪನ ಹೆಂಡತಿ ದುರಗವ್ವ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಅವಳ ಮನೆಯಲ್ಲಿ ಎರಡು ಎಮ್ಮೆ ಹಯನ ಇತ್ತು, ಹೆಪ್ಪಿಗೆ ಬರುವ ಕಾರಣವಿರಲಿಲ್ಲ. ಸಾವಂತ್ರೆವ್ವ ಅದನ್ನು ತೋರಗೊಡದೆ ಬಟ್ಟಲು ತುಂಬಿ ಕೊಟ್ಟು, ಕುಂಡ್ರು ಎಂದಳು.

"ನಿಮ್ಮ ಹಂತಿ ಹೆಂಗ ನಡದೈತಿ?"

"ಏನ ಹೇಳ್ಲಿ ಸಾವಂತ್ರಿ. ನಕ್ಕೀಯಂದ್ರ ಹೇಳೂದಿಲ್ಲ."

"ನಗೂದಿಲ್ಲ, ಹೇಳು."

"ಎತ್ತ ನಡ್ಯಾಕ ಒಲ್ಲವು! ಇವರು ದನಿ ಎತ್ತಿ ಪದಾ ಹಿಡೀತಾರ, ಎಳದ ಎಳದ ಹಾಡ್ತಾರ ನೋಡು, ಎಳದಲ್ಲೆ ಎತ್ತ ನಿಂತ ಬಿಡ್ತಾವು. ನಿನ್ ಮಗಾ ಅದೇನ ಚಟಾಚಟಾ ಅಂತ ರೂಢಿ ಮಾಡಸ್ಯಾನೋ. ನಿನ್ನಿ ಇವರು ಅರ್ಧಕ್ಕ ಬಾರಕೋಲ ಒಗದು ಮನಿಗಿ ಬಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರ. ಹಾಡಿನ ಮಾತ ಬಂದ್ರ ಸಾಕು, ನನ್ನ ಮ್ಯಾಲ ಹಾಯ್ತಾರ."

ಸಾವಂತ್ರೆವ್ವ ಮಾತಿಗೆ ತಪ್ಪದೆ ನಗದೆ ಕುಳಿತಳು. ದುರಗವ್ವ ಓಣಿ ದಾಟಿದ ಮೇಲೆ ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಮನಸಾರೆ ನಕ್ಕಳು. ಆಮೇಲೆ ಮುಖ ತೊಳೆದು ಮುದಕಪ್ಪನ ಮನೆಗೆ ಹೋದಳು. ಹೋಗುವಾಗಲೇ ಒಂದು ನಿಶ್ಚಯ ಮಾಡಿಕೊಂಡಿದ್ದಳು: ಎತ್ತು ನಿಂತ ಮಾತು ತಾನು ಎತ್ತಬಾರದು. ಸೋತವನನ್ನು ಸೋತೆಯೆಂದರೆ ಅವನು ಕೊಡುವುದನ್ನೂ ಕೊಡುವುದಿಲ್ಲ.

"ಮುದಕಪ್ಪಣ್ಣಾ, ನಿಮ್ಮ ಎತ್ತ ನಮ್ಮ ಕಣದಾಗ ತುಳದಾವು. ಅದರ ಮುಯ್ಯಿ ನಾವಿನ್ನೂ ತೀರಸಿಲ್ಲ. ಉಳಸ್ಕೊಂಡು ಕುಂತ್ರ ಊರಾಗ ಮಂದಿ ಏನಂದಾರು? ನಾಳಿ ನಮ್ಮ ಎತ್ತ, ಯಮನೂರಸಾಬಣ್ಣನ ಎತ್ತ, ದೇವ್ಯಾ, ಎಲ್ಲಾರೂ ನಿಮ್ಮ ಕಣಕ್ಕ ಬರ್ತಾರ."

ಗೋಡೆಯ ಕಡೆ ಮುಖ ಮಾಡಿದ್ದ ಮುದಕಪ್ಪ ಇತ್ತ ಹೊರಳಿದ.

"ಮುಯ್ಯಿ ಅಂದ ಮ್ಯಾಲ ಬ್ಯಾಡ ಅನ್ನಾಕ ಬರೂದಿಲ್ಲ, ತಂಗಿ."

"ಅದಕ್ಕ ಬಂದೇನ್ರಿ."

"ಆದ್ರ ಸುಣ್ಣ ಹಚ್ಚಾಕ ಕೂಡದು."

"ಹಚ್ಚೂದಿಲ್ರಿ."

"ಮತ್ತ..." ಮುದಕಪ್ಪ ಮೀಸೆ ಸವರಿದ. "ನನಗ ಒಂಚೂರು ಗಂಟಲ ಹಿಡದೈತಿ. ಹುಡುಗನ ಬಾಯಾಗ ಏನ ಬರ್ತೈತಿ ಅದನ್ನ ಅಂದ್ಕೊಳ್ಲಿ. ನಾ ಕೇಳಸ್ಕೊಳ್ಳೂದಿಲ್ಲ."

ಹಾಗೆ ಆರೂ ಎತ್ತುಗಳು ಮತ್ತೆ ಒಂದು ಹಗ್ಗಕ್ಕೆ ಬಂದವು. ದೇವಪ್ಪ ಬಾಯಿ ತೆರೆದದ್ದೇ ತಡ, ಮುದಕಪ್ಪನ ಜೋಡಿ ಕಿವಿ ನಿಮಿರಿಸಿ ನಡೆಯಿತು. ಮುದಕಪ್ಪ ಕಣದ ಅಂಚಿನಲ್ಲಿ ಬೆನ್ನು ತಿರುಗಿಸಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಕೇಳಿಸಿಕೊಳ್ಳುವುದಿಲ್ಲ ಎಂದವನಿಗೆ ಮಧ್ಯಾಹ್ನದ ಹೊತ್ತಿಗೆ ತಡೆಯಲಾಗಲಿಲ್ಲ.

"ಲೇ ತಮ್ಮಾ, ಆ ಪಾರ್ಲಾ ಪಾರ್ಲಾ ಅಂದ್ರ ಏನ ಅರ್ಥ?"

"ನಾನು ಮಾತಾಡಿದೆ, ನೀನು ಮಾತಾಡಿದಿ, ಅವನು ಮಾತಾಡಿದ ಅಂತರಿ ಕಾಕಾ."

"ಏನ ಮಾತಾಡಿದ್ರು?"

"ಅದನ್ನ ಪುಸ್ತಕದಾಗ ಹೇಳಿಲ್ರಿ."

"ಆರು ಮಂದಿ ಮಾತಾಡ್ತಾರ, ಏನ ಮಾತಾಡಿದ್ರು ಅಂತ ಒಬ್ಬಾಂವನೂ ಹೇಳೂದಿಲ್ಲ. ನಮ್ಮ ಪಂಚಾಯ್ತಿ ಆತಲೇ ಇದು!"

ದೇವಪ್ಪ ನಗುತ್ತ ವಿವರಿಸಿದ: ಇದು ಪೂರ್ತಿ ಮುಗಿದು ಹೋದದ್ದಕ್ಕೆ ಮಾತ್ರ ಹೇಳುವ ಮಾತು. ಆಯಿತು, ಮುಗಿಯಿತು, ಇನ್ನು ಅದರ ಬಾಕಿ ಏನೂ ಇಲ್ಲ ಎಂಬಂಥದ್ದಕ್ಕೆ.

ಮುದಕಪ್ಪ ಹಗ್ಗ ಹೊಸೆಯುವುದನ್ನು ಬಿಟ್ಟ.

"ಹಂಗಾರ ಅವರು ಹೋದರು ಅನ್ನಾಕ ಏನಂತಾರ? ಗಂಟುಮೂಟಿ ಕಟ್ಟಿ ಹೋದರು, ತಿರಗಿ ಬರೂದಿಲ್ಲ, ಹಂಗ."

"ಇಲ್ ಪಾರ್ತೀರ್."

"ಇನ್ನೊಮ್ಮೆ ಅನ್ನು."

"ಇಲ್ ಪಾರ್ತೀರ್."

ಮುದಕಪ್ಪ ಎದ್ದ. ಗಂಟಲು ಹಿಡಿದದ್ದು ಬಿಟ್ಟಿತು. ಬಾರುಕೋಲು ಇಸಿದುಕೊಂಡು ಹಂತಿಯ ಹಿಂದೆ ನಿಂತು, ಸುತ್ತಲಿನ ಕಣದವರೆಲ್ಲ ಕೈ ನಿಲ್ಲಿಸಿ ನೋಡುವ ಹಾಗೆ ದನಿ ಎತ್ತಿದ: "ಇಲ್ ಪಾರ್ತೀರೋ! ಬ್ರಿಟಿಶರು ಇಲ್ ಪಾರ್ತೀರೋ! ಪಾಂಡಿಚೇರಿ ಬಿಟ್ಟು ಫ್ರೆಂಚರೂ ಇಲ್ ಪಾರ್ತೀರೋ!"

"ಎಳೀಬ್ಯಾಡ್ರಿ ಕಾಕಾ, ಎತ್ತ ನಿಲ್ತಾವು!"

ಮುದಕಪ್ಪ ಎಳೆಯುವುದನ್ನು ಬಿಟ್ಟು ಚುಟುಕಾಗಿ ಹೇಳಿದ. ಎತ್ತು ನಡೆದವು. ಸಂಜೆಯವರೆಗೆ ಇಬ್ಬರೂ ಸೇರಿ ಹೊಡೆದರು. ಹೊತ್ತು ಇಳಿಯುವಾಗ ಮುದಕಪ್ಪ ಯಮನೂರಸಾಬನಿಗೆ ತಗ್ಗಿದ ದನಿಯಲ್ಲಿ, "ಭಾಷಿ ಕೆಟ್ಟದ್ದಲ್ಲೋ, ಮಂದಿ ಅಷ್ಟ" ಎಂದ.

ಇನ್ನು ಉಳಿದ ಕೆಲಸ ಸಾವಂತ್ರೆವ್ವನದು. ಎತ್ತು ಇದ್ದರೆ ಮಗನಿಗೆ ಎಲ್ಲ ಬರುತ್ತದೆ, ಆದರೆ ಪರೀಕ್ಷೆಯ ಹಾಲಿಗೆ ಎತ್ತು ಬಿಡುವುದಿಲ್ಲ. ಕರುವಿಗೆ ಹಾಲು ಬಿಡಿಸುವ ಹಾಗೆ ಅವಳು ಬಿಡಿಸಿದಳು. ಮೊದಲು ಬಾರುಕೋಲನ್ನು ಯಮನೂರಸಾಬನ ಕೈಗೆ ಕೊಡಿಸಿ, ಮಗನನ್ನು ಕಣದ ಅಂಚಿಗೆ ಕೂರಿಸಿ ಹೇಳಿಸಿದಳು. ಆಮೇಲೆ ಎತ್ತುಗಳಿಗೆ ಬೆನ್ನು ಮಾಡಿಸಿ, ಬರೀ ಗೊರಸಿನ ಸಪ್ಪಳ ಕೇಳುತ್ತ ಹೇಳಿಸಿದಳು. ಸಪ್ಪಳವೂ ಇಲ್ಲದೆ ಹೇಳಿಸುವಷ್ಟರಲ್ಲಿ ಗದಗಿನಿಂದ ಧಾರವಾಡದ ಗಾಡಿ ಹತ್ತುವ ದಿನ ಬಂದುಬಿಟ್ಟಿತು. ಬಿಡಿಸುವ ಕೆಲಸ ಅರ್ಧಕ್ಕೆ ನಿಂತಿತು.

ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ದೇವಪ್ಪನ ತಲೆ ತೂರಿದ ಕಣದಂತೆ ಖಾಲಿಯಾಗಿತ್ತು. ಪೆನ್ನು ಹಿಡಿದು ಕುಳಿತ. ನಾನೂ ಬರಲಿಲ್ಲ, ನೀನೂ ಬರಲಿಲ್ಲ. ಅಷ್ಟರಲ್ಲಿ ಮೇಲ್ವಿಚಾರಕರು ಸಾಲುಗಳ ನಡುವೆ ತಿರುಗಾಡಲು ಶುರುಮಾಡಿದರು. ಅವರ ಬೂಟಿಗೆ ಲಾಳ ಬಡಿಸಿದ್ದರು. ಟಕ್, ಟಕ್, ಟಕ್, ಟಕ್, ಟಕ್, ಟಕ್. ಒಂದು ಸುತ್ತು ಮುಗಿಯುವುದರೊಳಗೆ ದೇವಪ್ಪ ಒಂದು ಕ್ರಿಯಾಪದದ ಆರೂ ರೂಪ ಬರೆದಿದ್ದ.

ಎರಡನೆಯದು ಮುಗಿಯುವಾಗ ಅವರು ಹೋಗಿ ಕುರ್ಚಿಯಲ್ಲಿ ಕುಳಿತುಬಿಟ್ಟರು. ಪೆನ್ನು ನಿಂತಿತು. ದೇವಪ್ಪ ಕೈ ಎತ್ತಿದ.

"ಸರ್, ಪುರವಣಿ ಬೇಕಾಗಿತ್ತು."

ಅವರು ಎದ್ದು ಬಂದು ಕಾಗದ ಕೊಟ್ಟು ಹೋದರು. ಬರುವಾಗ ಮೂರು ರೂಪ, ಹೋಗುವಾಗ ಮೂರು. ಸ್ವಲ್ಪ ಹೊತ್ತಿಗೆ ಮತ್ತೆ ಕೈ. ಮತ್ತೆ ಕಾಗದ. ಮತ್ತೂ ಒಂದು ಸಲ ಕೈ ಎತ್ತಿದಾಗ ಅವರು ಮೇಜಿನ ಮೇಲೆ ಬಗ್ಗಿ ನೋಡಿದರು.

"ಏನಪ್ಪಾ, ಮೊದಲು ಕೊಟ್ಟ ಪುರವಣಿ ಎಲ್ಲಾ ಬಿಳೇ ಹಾಳಿನ ಅದಾವಲ್ಲ?"

"ಮುಂದ ಬೇಕಾಗ್ತಾವ್ರಿ ಸರ್."

ಇಂಥ ಹುಡುಗನ ಮೇಲೆ ಕಣ್ಣಿಡಬೇಕೆಂದು ಅವರಿಗೆ ಅನಿಸಿರಬೇಕು. ಆಮೇಲೆ ಕೊನೆಯ ಗಂಟೆ ಬಾರಿಸುವವರೆಗೆ ಅವರು ಕೂರಲಿಲ್ಲ, ದೇವಪ್ಪನ ಬೆಂಚಿನ ಸುತ್ತಲೇ ತಿರುಗಿದರು. ಅವರು ಸಂಶಯಪಟ್ಟಷ್ಟೂ ಅವನು ಬರೆದ.

ಅನುವಾದದ ಪ್ರಶ್ನೆಯಲ್ಲಿ ಅರ್ಧ ಅರ್ಥವಾಗಲಿಲ್ಲ, ಅಂದಾಜಿನ ಮೇಲೆ ಬರೆದ. ಪತ್ರಲೇಖನ ಬಿಟ್ಟೇಬಿಟ್ಟ. ಕ್ರಿಯಾಪದ ಮಾತ್ರ ಒಂದೂ ತಪ್ಪಲಿಲ್ಲ. ಜೂನಿನಲ್ಲಿ ಫಲಿತಾಂಶ ಬಂದಾಗ ಪಾಸಾಗಲು ಬೇಕಾದುದಕ್ಕಿಂತ ಎರಡೇ ಅಂಕ ಹೆಚ್ಚು ಬಂದಿತ್ತು. ಹೊಳೆಯಪ್ಪ ಮಾತಿನಂತೆ ಗದಗಿಗೆ ಬಂದು, ಮಗನನ್ನು ಮುಂಡರಗಿ ಬಸ್ಸಿಗೆ ಹತ್ತಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಸ್ಟ್ಯಾಂಡಿನಲ್ಲಿ ನಿಂತ.

ಮುಂಡರಗಿಯಲ್ಲಿ ದೇವಪ್ಪನಿಗೆ ಕೊಟ್ಟದ್ದು ಗಣಿತ ಮತ್ತು ಕನ್ನಡ. ಅಲ್ಲಿ ಫ್ರೆಂಚ್ ಬರುತ್ತದೆಯೇ ಎಂದು ಅವನನ್ನು ಯಾರೂ ಕೇಳಲಿಲ್ಲ. ನವೆಂಬರಿನಲ್ಲಿ ಕನ್ನಡ ನಾಡು ಒಂದಾದ ದಿನ ಶಾಲೆಯಲ್ಲಿ ಪೇಢೆ ಹಂಚಿದರು. ಜನವರಿಯಲ್ಲಿ ಜೋಳ ಮತ್ತೆ ಕಣಕ್ಕೆ ಬಂದಾಗ ಅವನಿಗೆ ರಜೆ ಸಿಗಲಿಲ್ಲ. ಹೊಳೆಯಪ್ಪ ಕೂಲಿ ಕೊಟ್ಟು ಹಂತಿ ಹೊಡೆಸಿದ.

ಮನೆಗೆ ತಿಂಗಳ ಪಗಾರ ಬಂತು, ಕಣಕ್ಕೆ ಒಂದು ಆಳು ಕಡಿಮೆಯಾಯಿತು. ಫ್ರೆಂಚ್ ಒಂದು ವರ್ಷದಲ್ಲಿ ಮರೆತುಹೋಯಿತು.